ಕೋಡ್ ಬರೆಯದೆ ಆಫೀಸಿನ ಪಿಸಿಯಲ್ಲೇ ಎಐ: ಎನ್‌ಏಟ್‌ಎನ್, ಒಲಾಮಾ ಬಳಸಿ ನೋಡಿದೆ

ಜಿಎಸ್‌ಟಿ ರಿಟರ್ನ್ ಹಾಕಿಕೊಡೋದು ನನ್ನ ಕಸುಬು. ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಸಣ್ಣ ಆಫೀಸು. ಪಾರ್ಟಿಗಳು ಹೆಚ್ಚಿನವರು ಅಡಿಕೆ, ಕೊಬ್ಬರಿ ಮಂಡಿಯವರು. ತಿಂಗಳ 11ರೊಳಗೆ ಜಿಎಸ್‌ಟಿಆರ್-1, ಅಂದರೆ ಮಾರಾಟದ ವಿವರದ ರಿಟರ್ನ್, ಹೋಗಬೇಕು, ಬಿಲ್ಲಿನ ಫೋಟೋಗಳು ಮಾತ್ರ 9ಕ್ಕೆ ವಾಟ್ಸಾಪಲ್ಲಿ ಸುರಿಯುತ್ತವೆ. ಆನ್‌ಲೈನ್ ಎಐಗೆ ಹಾಕಿದರೆ ಕ್ಷಣದಲ್ಲಿ ಓದಿಕೊಡುತ್ತೆ, ಗೊತ್ತು. ಆದರೆ ಯಾರು ಯಾರಿಗೆ ಯಾವ ದರಕ್ಕೆ ಮಾರಿದರು ಅನ್ನೋದು ಮಂಡಿಯಲ್ಲಿ ಗುಟ್ಟು. ವಾಟ್ಸಾಪಲ್ಲಿ ಬಂದಮೇಲೆ ಇನ್ನೇನು ಗುಟ್ಟು ಅಂತ ಕೇಳಬೇಡಿ; ಅದು ಅವರಿಷ್ಟ. ನಾನಾಗಿ ಮೂರನೆಯವರಿಗೆ ದಾಟಿಸೋದು ಬೇರೆ ಮಾತು.

ಹಾಗಾಗಿ ಈ ಜೋಡಿ. ಒಲಾಮಾ ಎಐ ಮಾದರಿಯನ್ನು ನಮ್ಮ ಪಿಸಿಯಲ್ಲೇ ಓಡಿಸುತ್ತೆ. ಬರ್ಲಿನ್‌ನ ಕಂಪನಿಯೊಂದರ ಎನ್‌ಏಟ್‌ಎನ್‌ನಲ್ಲಿ ಒಂದೊಂದು ಹಂತಕ್ಕೆ ಒಂದೊಂದು ಚೌಕ ಇಟ್ಟು, ನಡುವೆ ಗೆರೆ ಎಳೆದು ಕೆಲಸ ಜೋಡಿಸೋದು. ಸ್ವಂತ ಪಿಸಿಯಲ್ಲಿ ಹಾಕಿಕೊಂಡು ಆಫೀಸಿನ ಕೆಲಸಕ್ಕೆ ಬಳಸಿದರೆ ದುಡ್ಡಿಲ್ಲ. ಸಂಜೆ ಆರೂವರೆಗೆ ಅದು ಬಿಲ್ಲಿನ ಫೋಲ್ಡರ್ ತೆರೆದು, ಒಂದೊಂದೇ ಫೋಟೋವನ್ನು ಮಾದರಿಗೆ ಕೊಟ್ಟು, ಬಿಲ್ ನಂಬರು, ತಾರೀಕು, ಜಿಎಸ್‌ಟಿ ನಂಬರು, ಮೊತ್ತ ಎಲ್ಲ ಶೀಟಿಗೆ ಇಳಿಸುತ್ತೆ.

ಕೋಡ್ ಬೇಡ ಅನ್ನೋದು ಅರ್ಧ ಸತ್ಯ. ಗೆರೆ ಎಳೆಯೋದು ನನಗೇ ಬಂತು. ಡಾಕರ್ ಹಾಕಿಕೊಟ್ಟಿದ್ದು ನಮ್ಮಕ್ಕನ ಮಗ; ಅದು ಪ್ರೋಗ್ರಾಮನ್ನು ಪಿಸಿಯೊಳಗೆ ಬೇರೆಯೇ ಡಬ್ಬಿಯಲ್ಲಿಟ್ಟಂತೆ ಓಡಿಸೋ ತಂತ್ರಾಂಶ. ಎನ್‌ಏಟ್‌ಎನ್ ಡಾಕರ್ ಒಳಗಿದ್ದಾಗ ಒಲಾಮಾದ ವಿಳಾಸಕ್ಕೆ 'ಲೋಕಲ್‌ಹೋಸ್ಟ್' (ಇದೇ ಯಂತ್ರ) ಅಂತ ಕೊಟ್ಟರೆ ಅದು ಆ ಡಬ್ಬಿಯೊಳಗೇ ಹುಡುಕುತ್ತೆ. ಹೊರಗಿನ ಪಿಸಿಯಲ್ಲಿ ಹುಡುಕು ಅನ್ನೋಕೆ 'ಹೋಸ್ಟ್ ಡಾಟ್ ಡಾಕರ್ ಡಾಟ್ ಇಂಟರ್ನಲ್' ಅಂತ ಕೊಡಬೇಕು. ಇದು ನಮ್ಮಂಥವರಿಗೆ ಹೇಗೆ ಹೊಳೆಯಬೇಕು ಹೇಳಿ!

ಲೆಕ್ಕವನ್ನು ಮಾತ್ರ ಎಐ ಕೈಗೆ ಕೊಡಬೇಡಿ. ಅದು 8ನ್ನು 3 ಅಂತ ಓದಿ, ಸರಿಯಾಗೇ ಇದೆ ಅನ್ನೋ ಥರ ಬರೆದುಬಿಡುತ್ತೆ. ಅದಕ್ಕೇ ನಡುವೆ ಎರಡು ಷರತ್ತು ಇಟ್ಟಿದ್ದೀನಿ: ಜಿಎಸ್‌ಟಿ ನಂಬರಿನಲ್ಲಿ 15 ಅಕ್ಷರ ಇರಬೇಕು, ಮಾಲಿನ ಬೆಲೆಗೆ ತೆರಿಗೆಯೆಲ್ಲ ಕೂಡಿದರೆ ಬಿಲ್ಲಿನ ಮೊತ್ತ ಬರಬೇಕು. ತಾಳೆಯಾಗದ್ದು 'ನೋಡಬೇಕು' ಅನ್ನೋ ಫೋಲ್ಡರಿಗೆ ಹೋಗುತ್ತೆ. ಕೈಯಲ್ಲಿ ಬರೆದ ಕನ್ನಡ ಬಿಲ್ಲುಗಳಂತೂ ನೇರ ಅಲ್ಲಿಗೇ. ಚಿಕ್ಕ ಮಾದರಿಗೆ ಅವು ದಕ್ಕಲ್ಲ.

ಗುಟ್ಟು ಉಳಿಯುತ್ತಾ? ನೆಟ್ ಕೇಬಲ್ ಕಿತ್ತು ಓಡಿಸಿದೆ, ಓಡಿತು. ಆದರೂ ಎರಡು ಕಡೆ ಎಚ್ಚರ ಬೇಕು. ಒಲಾಮಾ ಪಟ್ಟಿಯಲ್ಲಿ 'ಕ್ಲೌಡ್' ಅಂತಿರೋ ಮಾದರಿ ಹೊರಗಿನ ಸರ್ವರಿನಲ್ಲಿ ಓಡೋದು, ಅದು ಬೇಡ. ಎನ್‌ಏಟ್‌ಎನ್ ಬಳಕೆಯ ವಿವರ ತಾನಾಗೇ ಕಂಪನಿಗೆ ಕಳಿಸುತ್ತೆ. ನಿಲ್ಲಿಸೋ ಸೆಟ್ಟಿಂಗ್ ಇದೆ, ಮೊದಲೇ ನಿಲ್ಲಿಸಿ.

ನನ್ನದು 16 ಜಿಬಿ ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್ ಇಲ್ಲ. ಒಂದು ಬಿಲ್ಲಿಗೆ ನಿಮಿಷದ ಮೇಲೇ ಹಿಡಿಯುತ್ತೆ, ಆಗ ಟ್ಯಾಲಿ ತೆರೆದರೂ ಪಿಸಿ ಏದುಸಿರು ಬಿಡುತ್ತೆ. ಮನೆಗೆ ಹೊರಡೋವಾಗ ಬಿಟ್ಟು ಹೋಗೋರಿಗೆ ಇದು ಸರಿ. ಪಾರ್ಟಿಯನ್ನು ಎದುರಿಗೆ ಕೂರಿಸಿಕೊಂಡು ಬಿಲ್ಲು ಓದಿಸಬೇಕು ಅನ್ನೋರು ಗ್ರಾಫಿಕ್ಸ್ ಕಾರ್ಡಿಗೆ ದುಡ್ಡು ಎತ್ತಿಡಿ.