ಸೈಲೆಂಟ್ ಪೇಷೆಂಟ್, ನೆವರ್ ಲೈ: ದುಡ್ಡು ಕೊಟ್ಟು ತರಬೇಕಾದದ್ದು ಯಾವುದು?

ಮನೋವೈದ್ಯರು, ಅವರ ರೋಗಿಗಳ ಸುತ್ತ ಹೆಣೆದ ಥ್ರಿಲ್ಲರ್ ಒಂದನ್ನೇ ಕೊಳ್ಳುವುದಾದರೆ ಅಲೆಕ್ಸ್ ಮೈಕಲಿಡೀಸ್ ಅವರ ‘ದ ಸೈಲೆಂಟ್ ಪೇಷೆಂಟ್’ (2019) ಕೊಳ್ಳಿ. ಫ್ರೀಡಾ ಮೆಕ್‌ಫ್ಯಾಡನ್ ಅವರ ‘ನೆವರ್ ಲೈ’ (2022) ಯಾರಾದರೂ ಕೊಟ್ಟರೆ ಓದಿ. ನಾನು ಎರಡನ್ನೂ ಕೊಂಡೆ. ಮೊದಲನೆಯದು ಕಪಾಟಿನಲ್ಲಿದೆ, ಎರಡನೆಯದನ್ನು ತಂಗಿಗೆ ಕೊಟ್ಟುಬಿಟ್ಟೆ.

ಕಥೆಯ ಓಟದಲ್ಲಿ ನೆವರ್ ಲೈ ಮುಂದು, ಅದರಲ್ಲಿ ಅನುಮಾನವಿಲ್ಲ. ಹೊಸದಾಗಿ ಮದುವೆಯಾದ ಟ್ರಿಶಿಯಾ ಮತ್ತು ಈಥನ್ ಮನೆ ನೋಡಲು ಹೋಗಿ ಹಿಮದಲ್ಲಿ ಸಿಕ್ಕಿಕೊಳ್ಳುತ್ತಾರೆ. ಅದು ಕಾಣೆಯಾದ ಮನೋವೈದ್ಯೆಯ ಬಂಗಲೆ. ಗುಪ್ತ ಕೋಣೆಯ ತುಂಬ ರೋಗಿಗಳ ಮಾತು ದಾಖಲಾದ ಕ್ಯಾಸೆಟ್‌ಗಳು. ಪುಸ್ತಕ ಕೆಳಗಿಡಲು ಮನಸ್ಸು ಬರುವುದಿಲ್ಲ.

ನನ್ನ ತಕರಾರು ಒಂದೇ. ಕೊನೆ ಏನೆಂದು ಹೇಳುವುದಿಲ್ಲ, ಆದರೆ ಸುಳಿವೂ ಬೇಡ ಎನ್ನುವವರು ಈ ಪ್ಯಾರಾ, ಇದರ ಮುಂದಿನದು ಎರಡನ್ನೂ ಬಿಟ್ಟುಬಿಡಿ. ಟ್ರಿಶಿಯಾ ‘ನಾನು’ ಎಂದು ಕಥೆ ಹೇಳುತ್ತಾಳೆ. ಅವಳ ಹೆದರಿಕೆ, ಅನುಮಾನ ಎಲ್ಲವೂ ಆ ಕ್ಷಣದಲ್ಲೇ ನಮಗೆ ಸಿಗುತ್ತದೆ. ಕೊನೆಗೆ ನೋಡಿದರೆ ಮುಖ್ಯವಾದದ್ದು ಅವಳಿಗೆ ಮೊದಲಿನಿಂದಲೂ ಗೊತ್ತು! ಗಂಡನಿಂದ ಮುಚ್ಚಿಡಲಿ, ಒಪ್ಪುತ್ತೇನೆ. ಒಬ್ಬಳೇ ಇದ್ದಾಗ, ತನ್ನ ಮನಸ್ಸಿನೊಳಗೂ ಅದರ ಸುದ್ದಿ ಎತ್ತುವುದಿಲ್ಲವೆಂದರೆ ಹೇಗೆ? ತಿರುಗಿ ಮೊದಲಿನಿಂದ ಓದಿದೆ. ಅವಳು ಬೆಚ್ಚಿಬೀಳುವ ಜಾಗಗಳೆಲ್ಲ ನನ್ನನ್ನು ದಾರಿ ತಪ್ಪಿಸುವುದಕ್ಕೇ ಬರೆದವು ಅನ್ನಿಸಿ ಸಿಟ್ಟು ಬಂತು.

ಸೈಲೆಂಟ್ ಪೇಷೆಂಟ್‌ನ ಥಿಯೋ ಫೇಬರ್ ಕೂಡ ‘ನಾನು’ ಎಂದೇ ಹೇಳುತ್ತಾನೆ, ಅವನೂ ಮುಚ್ಚಿಡುತ್ತಾನೆ. ಆದರೆ ಅವನು ಮುಚ್ಚಿಡುವುದು ಯಾವುದು ಯಾವಾಗ ನಡೆಯಿತು ಎಂಬುದನ್ನು. ಗಂಡನ ಮುಖಕ್ಕೆ ಐದು ಗುಂಡು ಹೊಡೆದು ಮಾತು ನಿಲ್ಲಿಸಿದ ಚಿತ್ರಕಾರ್ತಿ ಅಲಿಸಿಯಾಳಿಗೆ ಚಿಕಿತ್ಸೆ ಕೊಡಬೇಕಾದವನು ಅವಳ ಬಂಧುಗಳ ಮನೆಗೆಲ್ಲ ಹೋಗಿ ವಿಚಾರಿಸುತ್ತಾನೆ. ಥೆರಪಿಸ್ಟ್ ಆದವನು ಹೀಗೆಲ್ಲ ಮಾಡಬಹುದೇ ಎಂದು ಮೊದಲ ಸಲ ಕಿರಿಕಿರಿಯಾಗಿತ್ತು. ಎರಡನೇ ಓದಿನಲ್ಲಿ ಆ ಭೇಟಿಗಳಿಗೆಲ್ಲ ಕಾರಣ ಸಿಕ್ಕಿತು. ಇಂಥ ಕಥೆಗೆ ನಾನು ದುಡ್ಡು ಕೊಡುವುದೇ ಇದಕ್ಕಾಗಿ.

ಅಲಿಸಿಯಾಳ ಮೌನಕ್ಕೂ ಬುಡವಿದೆ. ಕೊಲೆಯ ನಂತರ ಅವಳು ಬರೆದ ಚಿತ್ರದ ಹೆಸರು ಅಲ್ಸೆಸ್ಟಿಸ್. ಯೂರಿಪಿಡೀಸನ ಗ್ರೀಕ್ ನಾಟಕದಲ್ಲಿ ಗಂಡನಿಗಾಗಿ ಸತ್ತು, ಮರಳಿ ಬಂದ ಮೇಲೆ ಮಾತೇ ಆಡದ ಹೆಂಡತಿ ಅವಳು. ಲಂಡನ್ನಿನ ‘ದ ಗ್ರೋವ್’ ಆಸ್ಪತ್ರೆಯ ಚಿತ್ರಣವೂ ಗಟ್ಟಿಯಾಗಿದೆ: ಔಷಧಿಯ ಡೋಸ್ ಬಗ್ಗೆ ಜಗಳ, ಆಸ್ಪತ್ರೆಯನ್ನೇ ಯಾವಾಗ ಮುಚ್ಚಿಬಿಡುತ್ತಾರೋ ಎಂಬ ಆತಂಕ. ಮೈಕಲಿಡೀಸ್ ಮನೋರೋಗ ಘಟಕವೊಂದರಲ್ಲಿ ಕೆಲಸ ಮಾಡಿದ್ದವರು.

ಇದೇ ಬಗೆಯ ಇನ್ನೊಂದು ಪುಸ್ತಕ, ಜಾಸ್ಪರ್ ಡಿವಿಟ್ ಅವರ ‘ದ ಪೇಷೆಂಟ್’ (2020) ಹಾರರ್ ಕಡೆ ವಾಲುತ್ತದೆ, ನನಗಲ್ಲ.

ರೋಗಿಯ ಸಂಕಟ ಮಾತ್ರ ನಾನು ಕೊಂಡ ಎರಡರಲ್ಲೂ ಕಡಿಮೆಯೇ. ಕಾಯಿಲೆ ವಾಸಿಯಾಗಿ ಮನೆಗೆ ಬಂದ ಮೇಲೂ ಎಲ್ಲರ ಅನುಮಾನದ ಕಣ್ಣಿಗೆ ಸಿಕ್ಕಿ ನವೆಯುವ, ತ್ರಿವೇಣಿಯವರ ‘ಶರಪಂಜರ’ದ ಕಾವೇರಿಯನ್ನು ಓದಿದವರಿಗೆ ಈ ಕೊರತೆ ತಟ್ಟುತ್ತದೆ.

ತಿಂಗಳಿಗೆ ಒಂದೇ ಪುಸ್ತಕ ಕೊಳ್ಳುವವಳು ನಾನು, ಕೊಂಡದ್ದನ್ನು ಮತ್ತೆ ಓದುವವಳು. ನನ್ನಂಥವರಿಗೆ ಸೈಲೆಂಟ್ ಪೇಷೆಂಟ್. ಹುಬ್ಬಳ್ಳಿಗೆ ರಾತ್ರಿ ಬಸ್ಸು ಹತ್ತಿ ನಿದ್ದೆ ಬಾರದೆ ಒದ್ದಾಡುವವರು ನೆವರ್ ಲೈ ಹಿಡಿಯಿರಿ, ಲೈಬ್ರರಿಯಿಂದ ತಂದರೆ ಸಾಕು.