ಮಡಿಕೇರಿಯ ಹಳೆ ಸಾಮಾನಿನ ಅಂಗಡಿ: ಗುಂಡಿಗೆ ಪೂರ್ಣಾಂಕ, ಬ್ಯಾಜಿಗೆ ಅರ್ಧ

ಮಡಿಕೇರಿಯ ಮಾರುಕಟ್ಟೆಯ ಕಡೆಗೆ ಇಳಿಯುವ ರಸ್ತೆಯಲ್ಲಿರುವ ಈ ಅಂಗಡಿಯ ಹೆಸರನ್ನು ನಾನು ಬರೆಯುವುದಿಲ್ಲ, ಏಕೆಂದರೆ ಇಲ್ಲಿ ಮೆಚ್ಚುಗೆಯ ಜೊತೆಗೆ ಒಂದು ದೂರೂ ಇದೆ. ಬ್ರಿಟಿಷ್ ಕಾಲದ ಸೇನಾ ಬ್ಯಾಜು, ಗುಂಡಿ ಮತ್ತು ಸಮವಸ್ತ್ರಗಳನ್ನು ಹುಡುಕಿಕೊಂಡು ಎರಡು ವರ್ಷಗಳಲ್ಲಿ ನಾಲ್ಕು ಸಲ ಅಲ್ಲಿಗೆ ಹೋಗಿದ್ದೇನೆ. ಕೊಡಗಿನಲ್ಲಿ ಇಂಥ ಅಂಗಡಿಗೆ ಸರಕಿನ ಬರ ಬರುವುದು ಕಷ್ಟ. ಐನ್‌ಮನೆಯ (ಕೊಡವ ಕುಟುಂಬದ ಮೂಲ ಮನೆ) ರಿಪೇರಿಗೆಂದು ಅಟ್ಟದ ಟ್ರಂಕು ಕೆಳಗಿಳಿದಾಗಲೆಲ್ಲ ಯಾರದೋ ಅಜ್ಜನ ಬೆಲ್ಟು, ಮೆಡಲು, ಖಾಕಿ ಕೋಟು ಹೊರಬರುತ್ತವೆ, ಅವುಗಳಲ್ಲಿ ಕೆಲವು ಇಲ್ಲಿಗೆ ಬಂದು ಸೇರುತ್ತವೆ.

ಒಳಗೆ ಕಾಲಿಟ್ಟವರ ಕಣ್ಣು ಮೊದಲು ಬೀಳುವುದು ಗಾಜಿನ ಪೆಟ್ಟಿಗೆಯಲ್ಲಿರುವ ಕ್ಯಾಪ್ ಬ್ಯಾಜುಗಳ ಮೇಲೆ. ಅವುಗಳಲ್ಲಿ ಹೈಲ್ಯಾಂಡ್ ಲೈಟ್ ಇನ್‌ಫೆಂಟ್ರಿಯ ಬ್ಯಾಜೊಂದನ್ನು ಮಾಲೀಕರು ಬಹಳ ಜೋಪಾನವಾಗಿ ಹೊರತೆಗೆದು, "ಇದು ನಮ್ಮ ಜನರಲ್ ತಿಮ್ಮಯ್ಯನವರು ಹಾಕಿಕೊಂಡಿದ್ದು ಸಾರ್" ಎಂದರು. ಕಥೆಗೆ ಸ್ವಲ್ಪ ಆಧಾರವಿದೆ: ಸ್ಯಾಂಡ್‌ಹರ್ಸ್ಟ್‌ನಿಂದ 1926ರಲ್ಲಿ ಹೊರಬಂದ ತಿಮ್ಮಯ್ಯನವರು ಹೈದರಾಬಾದ್ ರೆಜಿಮೆಂಟಿಗೆ ಸೇರುವ ಮೊದಲು ಈ ಸ್ಕಾಟಿಷ್ ಪಡೆಯ ಜೊತೆಗಿದ್ದರು. ಬ್ಯಾಜಿನಲ್ಲೂ ನಮ್ಮ ದೇಶದ ನೆನಪಿದೆ. ನಕ್ಷತ್ರದ ನಡುವೆ ಕಹಳೆ, ಅದರ ಕೆಳಗೆ ಒಂದು ಆನೆ, ಆನೆಯ ಬಳಿ 'ಅಸ್ಸಾಯೆ' ಎಂಬ ಹೆಸರು. 1803ರಲ್ಲಿ ಮರಾಠರ ವಿರುದ್ಧ ನಡೆದ ಯುದ್ಧದ ಗುರುತು ಅದು. ಆದರೆ ನಾನು ತೆಗೆದುಕೊಂಡು ಹೋಗಿದ್ದ ಭೂತಗನ್ನಡಿಯಲ್ಲಿ ನೋಡಿದಾಗ ಆನೆಯ ನಾಲ್ಕು ಕಾಲುಗಳು ಒಂದಕ್ಕೊಂದು ಅಂಟಿಕೊಂಡು ಒಂದೇ ಗೋಡೆಯಂತಾಗಿದ್ದವು, ಅಕ್ಷರಗಳ ಅಂಚು ಕರಗಿದ ಬೆಲ್ಲದಂತೆ ಮೊಂಡಾಗಿತ್ತು.

ಬ್ಯಾಜನ್ನು ತಿರುಗಿಸಿದ ಮೇಲೆ ಅನುಮಾನವೇ ಉಳಿಯಲಿಲ್ಲ. ಸಾಮಾನ್ಯ ಸೈನಿಕರ ಕ್ಯಾಪ್ ಬ್ಯಾಜುಗಳನ್ನು ತೆಳ್ಳನೆಯ ಲೋಹದ ತಗಡಿನ ಮೇಲೆ ಅಚ್ಚೊತ್ತಿ ಮಾಡುತ್ತಿದ್ದುದರಿಂದ ಮುಂದೆ ಉಬ್ಬಿರುವ ಭಾಗವೆಲ್ಲ ಹಿಂದೆ ಅದೇ ಆಕಾರದ ತಗ್ಗಾಗಿ ಕಾಣಬೇಕು. ಇದರ ಬೆನ್ನು ಚಪ್ಪಟೆಯಾಗಿತ್ತು, ಸಣ್ಣ ಸಣ್ಣ ಗುಳಿಗಳಿದ್ದವು, ಅಂಚಿನಲ್ಲಿ ಅರ ಉಜ್ಜಿದ ಗೀರುಗಳಿದ್ದವು. ಎಂದರೆ ಅಸಲಿಯಿಂದ ಅಚ್ಚು ತೆಗೆದು ಎರಕ ಹೊಯ್ದ ನಕಲು. (ಹಳೆಯ ಅಚ್ಚುಗಳಿಂದಲೇ ಮತ್ತೆ ಒತ್ತಿದ ಹೊಸ ಬ್ಯಾಜುಗಳೂ ಪೇಟೆಯಲ್ಲಿರುವುದರಿಂದ ಅಚ್ಚೊತ್ತಿದ್ದೆಲ್ಲ ಅಸಲಿ ಎಂದು ತಿಳಿಯಬಾರದು, ಟೋಪಿಗೆ ಸಿಕ್ಕಿಸಲು ಹಿಂದಿರುವ ಸ್ಲೈಡರ್ ಎಂಬ ಪಟ್ಟಿಯೋ ಕೊಂಡಿಯೋ ಟೋಪಿಯ ಬಟ್ಟೆಗೆ ಉಜ್ಜಿ ಸವೆದಿದೆಯೇ ಎಂದೂ ನೋಡಬೇಕು.) ಮೂರೂವರೆ ಸಾವಿರ ಹೇಳಿದ್ದರು. ನಾನು ಅದನ್ನು ಇದ್ದಲ್ಲೇ ಇಟ್ಟೆ.

ಪಕ್ಕದಲ್ಲಿ 'ಎರಡನೇ ಮಹಾಯುದ್ಧ' ಎಂಬ ಚೀಟಿಯಡಿ ಹೊಳೆಯುವ ರಾಯಲ್ ಆರ್ಟಿಲರಿ ಬ್ಯಾಜೊಂದಿತ್ತು. ಫಿರಂಗಿಯ ಮೇಲಿನ ಕಿರೀಟವೇ ಅದರ ಗುಟ್ಟನ್ನು ಬಿಟ್ಟುಕೊಟ್ಟಿತು. 1901ರ ನಂತರ ರಾಜರ ಆಳ್ವಿಕೆಯಲ್ಲಿ ಬಳಕೆಗೆ ಬಂದ ಕಿರೀಟದ ಕಮಾನುಗಳು ನೆತ್ತಿಯವರೆಗೆ ಗುಂಡಗೆ ಏರುತ್ತವೆ. 1952ರಲ್ಲಿ ಪಟ್ಟಕ್ಕೆ ಬಂದ ಎಲಿಜಬೆತ್ ರಾಣಿಯ ಕಾಲದ ಕಿರೀಟದಲ್ಲಿ ಅವು ನಡುವೆ ತಗ್ಗುತ್ತವೆ. ಇದರಲ್ಲಿ ತಗ್ಗಿದ್ದವು. ಅಂಗೈಯಲ್ಲಿಟ್ಟರೆ ತೂಕವೇ ಇಲ್ಲ, ಏಕೆಂದರೆ ಅದು ಹಿತ್ತಾಳೆಯಲ್ಲ, ಯುದ್ಧದ ನಂತರ ಬಂದ, ಪಾಲಿಶ್ ಬೇಡದ ಅಲ್ಯೂಮಿನಿಯಂ. ಹೇಳಿದಾಗ ಮಾಲೀಕರು ಮುಖ ಸಿಂಡರಿಸದೆ ಚೀಟಿಯನ್ನು ಆಗಲೇ ಕಿತ್ತುಹಾಕಿದರು. ಅವರು ಮೋಸಗಾರರಲ್ಲ, ಬಂದದ್ದನ್ನು ತಿರುಗಿಸಿ ನೋಡುವ ಅಭ್ಯಾಸ ಅವರಿಗಿಲ್ಲ, ಅಷ್ಟೇ.

ಬಟ್ಟೆಯ ವಿಭಾಗ ಇದಕ್ಕಿಂತ ಎಷ್ಟೋ ಮೇಲು. ಅಲ್ಲಿದ್ದ ಉಣ್ಣೆಯ ಬ್ಯಾಟಲ್‌ಡ್ರೆಸ್ ಮೇಲಂಗಿಯ ಜೇಬುಗಳಿಗೆ ನೆರಿಗೆಯಿರಲಿಲ್ಲ, ಗುಂಡಿಗಳು ಪಟ್ಟಿಯಡಿ ಅಡಗದೆ ಹೊರಗೇ ಕಾಣುತ್ತಿದ್ದವು. ಯುದ್ಧಕಾಲದಲ್ಲಿ ಬಟ್ಟೆ ಮತ್ತು ಹೊಲಿಗೆಯನ್ನು ಉಳಿಸಲು ಸರಳಗೊಳಿಸಿದ '1940ರ ಮಾದರಿ' ಇದು. ಒಳಗಿನ ಬಿಳಿ ಚೀಟಿಯಲ್ಲಿ ಅಳತೆಯೂ ಸರ್ಕಾರಿ ಸ್ವತ್ತೆಂದು ಸಾರುವ ಬಾಣದ ಗುರುತೂ ಮಾಸಿದ್ದರೂ ಓದುವಂತಿದ್ದವು. ಕಾಲರಿನ ಬಳಿ ನುಸಿ ತಿಂದ ಎರಡು ತೂತುಗಳನ್ನು ಅವರೇ ಮೊದಲು ತೋರಿಸಿದರು. ನಮ್ಮ ಮುಂಗಾರಿನಲ್ಲಿ ಉಣ್ಣೆಯನ್ನು ಬೂಸ್ಟು ಹಿಡಿಯದಂತೆ ಕಾಪಾಡುವುದು ಸಣ್ಣ ಕೆಲಸವಲ್ಲ. ಅವರು ಅದನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಡದೆ ಹತ್ತಿಬಟ್ಟೆ ಸುತ್ತಿ ಗಾಳಿಯಾಡುವ ಬೀರುವಿನಲ್ಲಿ ತೂಗುಹಾಕಿದ್ದಾರೆ.

ಇನ್ನು ನನ್ನ ದೂರು. ನನ್ನ ಅಜ್ಜನ ಹಿತ್ತಾಳೆ ಶೋಲ್ಡರ್ ಟೈಟಲಿನ (ಭುಜಪಟ್ಟಿಯ ಮೇಲೆ ಪಡೆಯ ಹೆಸರು ತೋರಿಸುವ ಬಿಲ್ಲೆ) ಹಿಂದಿನ ಕೊಂಡಿ ಮುರಿದಿತ್ತು. ಬೆಸುಗೆ ಹಾಕಿಸಿ ಕೊಡುತ್ತೇವೆ ಎಂದಿದ್ದರಿಂದ ಬಿಟ್ಟುಬಂದೆ. ಬೆಸುಗೆ ಅಚ್ಚುಕಟ್ಟಾಗಿತ್ತು. ಆದರೆ ಎಪ್ಪತ್ತು ವರ್ಷಗಳಿಂದ ಕೂಡಿಬಂದಿದ್ದ ಕಂದು ಬಣ್ಣ ಪೂರ್ತಿ ಮಾಯವಾಗಿ, ಪಾತ್ರೆ ಅಂಗಡಿಯ ಹೊಸ ಚೊಂಬಿನಂತೆ ಅದು ಮಿರಮಿರ ಮಿಂಚುತ್ತಿತ್ತು. "ಪಾಲಿಶ್ ಫ್ರೀ ಸಾರ್" ಎಂದರು, ಸಂತೋಷದಿಂದಲೇ. ಹಸಿರು ಕಿಲುಬನ್ನು ಮರದ ಕಡ್ಡಿಯಿಂದ ಮೆಲ್ಲಗೆ ತೆಗೆದರೆ ಸಾಕಿತ್ತು. ಬ್ರಾಸೋ ಹಾಕಿ ಉಜ್ಜಿದ ಮೇಲೆ ಆ ಬಣ್ಣವನ್ನು ಯಾರೂ ಮರಳಿ ತರಲಾರರು. ರಿಪೇರಿಗೆ ಕೊಡುವವರು 'ಪಾಲಿಶ್ ಬೇಡ' ಎಂದು ಚೀಟಿಯಲ್ಲಿ ಬರೆಸಿಕೊಂಡೇ ಬನ್ನಿ.

ನಾನು ಕೊನೆಗೆ ಕೊಂಡದ್ದು ಬಿಸ್ಕತ್ತಿನ ಡಬ್ಬದಲ್ಲಿದ್ದ ಗುಂಡಿಗಳನ್ನು. ಒಂದಕ್ಕೆ 150 ರೂಪಾಯಿ, ಆರಿಸಿಕೊಳ್ಳಲು ಕುರ್ಚಿಯನ್ನೂ ಕಾಫಿಯನ್ನೂ ಕೊಡುತ್ತಾರೆ. ಹಿಂಬದಿಯಲ್ಲಿ ಬರ್ಮಿಂಗ್‌ಹ್ಯಾಮಿನ ಗಾಂಟ್ ಕಂಪನಿಯ ಹೆಸರನ್ನು ಸ್ಪಷ್ಟವಾಗಿ ಹೊತ್ತ ನಾಲ್ಕು ಸಿಕ್ಕವು. ಬಿಲ್ಲು ಕೇಳಿ ಪಡೆಯಿರಿ. ನೂರು ವರ್ಷ ದಾಟಿದ ಚಾರಿತ್ರಿಕ ವಸ್ತುಗಳು 1972ರ ಪುರಾತನ ವಸ್ತು ಕಾಯ್ದೆಯಡಿ ಬರುತ್ತವೆ, ವಿದೇಶದ ನೆಂಟರಿಗೆಂದು ಅವುಗಳನ್ನು ಪಾರ್ಸೆಲ್ ಮಾಡುವಂತಿಲ್ಲ. ಶುಕ್ರವಾರ ಸಂತೆಯ ದಿನ ಆ ಬೀದಿಯಲ್ಲಿ ಗಾಡಿ ನಿಲ್ಲಿಸಲು ಜಾಗ ಸಿಗುವುದಿಲ್ಲ, ಬೇರೆ ದಿನ ಬೆಳಿಗ್ಗೆ ಹತ್ತೂವರೆಯ ನಂತರ ಹೋಗಿ, ಭೂತಗನ್ನಡಿ ನಿಮ್ಮದೇ ಇರಲಿ.