ಮಲೆನಾಡಿನ ಮಳೆಗಾಲಕ್ಕೆ ಟೈರು: ಒಂದು ವರ್ಷ, 14 ಸಾವಿರ ಕಿಲೋಮೀಟರ್ ಆದ ಮೇಲೆ

ಹೋದ ವರ್ಷ ಆರಿದ್ರಾ ಮಳೆ ಜೋರಾಗಿ ಹಿಡಿದಿತ್ತು. ಸಂಜೆ ಆರೂವರೆ ಇರಬಹುದು, ತೀರ್ಥಹಳ್ಳಿ ಪೇಟೆಯಿಂದ ಮನೆಗೆ ಬರುತ್ತಿದ್ದೆವು. ಕಾರಿನಲ್ಲಿ ಅಮ್ಮ, ಹೆಂಡತಿ, ಇಬ್ಬರು ಮಕ್ಕಳು. ಟಾರು ರಸ್ತೆ ಬಿಟ್ಟು ನಮ್ಮ ಮನೆ ಕಡೆ ತಿರುಗಿದ ಮೇಲೆ ಒಂದು ಇಳಿಜಾರು ಇದೆ. ಜಂಬಿಟ್ಟಿಗೆ ಮಣ್ಣಿನ ದಾರಿ, ಒಂದು ಕಡೆ ದರೆ, ಇನ್ನೊಂದು ಕಡೆ ಹತ್ತು ಹನ್ನೆರಡು ಅಡಿ ಕೆಳಗೆ ಅಡಿಕೆ ತೋಟ. ಫೋರ್ ವೀಲ್ ಲಾಕ್ ಹಾಕಿದ್ದೆ, ಮೊದಲನೇ ಗೇರಿನಲ್ಲಿದ್ದೆ, ಬ್ರೇಕ್ ಮೇಲೆ ಹಗುರವಾಗಿ ಕಾಲಿಟ್ಟೆ. ಕಾರು ನಿಲ್ಲಲಿಲ್ಲ. ಚಕ್ರ ತಿರುಗುವುದು ನಿಂತಿದೆ, ಕಾರು ಮಾತ್ರ ನಿಧಾನಕ್ಕೆ ಜಾರುತ್ತಾ ತೋಟದ ಕಡೆ ವಾಲುತ್ತಿದೆ. ಬ್ರೇಕ್ ಬಿಟ್ಟು ಸ್ಟೇರಿಂಗನ್ನು ದರೆ ಕಡೆ ತಿರುಗಿಸಿದೆ. ಬಂಪರ್ ಮಣ್ಣಿಗೆ ಒರಗಿ ಕಾರು ನಿಂತಿತು. ಅಮ್ಮ ಏನೂ ಮಾತಾಡಲಿಲ್ಲ, ಮುಂದಿನ ಸೀಟನ್ನು ಹಿಡಿದ ಕೈ ಮಾತ್ರ ಬಿಡಲೇ ಇಲ್ಲ. ಚಿಕ್ಕವಳು ಕೇಳಿದಳು, "ಅಪ್ಪಾ, ನಮ್ಮದು ಫೋರ್ ವೀಲ್ ಕಾರು ಅಲ್ವಾ?"

ಹೌದು, ಫೋರ್ ವೀಲೇ. 2016ರ ರೆನೋ ಡಸ್ಟರ್, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಹತ್ತುವುದರಲ್ಲಿ ಅದಕ್ಕೆ ಸಾಟಿ ಇಲ್ಲ. ಮೊದಲನೇ ಗೇರು ಗಿಡ್ಡ, ನೆಲದಿಂದ 210 ಮಿ.ಮೀ. ಎತ್ತರ, ಲಾಕ್ ಹಾಕಿದರೆ ಹಿಂದಿನ ಚಕ್ರಕ್ಕೂ ಎಳೆತ ಹೋಗುತ್ತೆ. ಆದರೆ ಫೋರ್ ವೀಲ್ ಕೊಡುವುದು ಎಳೆಯುವ ಶಕ್ತಿಯನ್ನ. ಬ್ರೇಕ್ ಎಲ್ಲ ಕಾರಿಗೂ ನಾಲ್ಕು ಚಕ್ರಕ್ಕೇ ಇರುತ್ತೆ. ಇಳಿಯುವಾಗ ಎಂಜಿನ್ ತಡೆ ನಾಲ್ಕೂ ಚಕ್ರಕ್ಕೆ ಹಂಚಿಹೋಗುವುದರಿಂದ ಸ್ವಲ್ಪ ಅನುಕೂಲ ಇದೆ, ನಿಜ. ಆದರೆ ಕೊನೆಗೆ ಕಾರನ್ನು ನಿಲ್ಲಿಸುವುದು ನೆಲಕ್ಕೆ ತಾಗಿರುವ ಅಂಗೈ ಅಗಲದ ನಾಲ್ಕು ತುಂಡು ರಬ್ಬರ್, ಅಷ್ಟೇ. ಇದನ್ನು ನಾನು ಮೊದಲೇ ಯೋಚಿಸಬೇಕಿತ್ತು, ಯೋಚಿಸಿರಲಿಲ್ಲ.

ಮಾರನೇ ದಿನ ಬೆಳಿಗ್ಗೆ ಅಂಗಳದಲ್ಲಿ ಕೆಸರು ತೊಳೆದು ಟೈರನ್ನು ಸರಿಯಾಗಿ ನೋಡಿದೆ. ಟ್ರೆಡ್, ಅಂದರೆ ನೆಲಕ್ಕೆ ತಾಗುವ ಉಬ್ಬು ರಬ್ಬರು, ಇನ್ನೂ ಇತ್ತು, ಆಳ ಸುಮಾರು 4 ಮಿ.ಮೀ. ಕಾನೂನು ಕೇಳುವುದು 1.6 ಮಿ.ಮೀ. ಮಾತ್ರ. ಹಾಗಾದರೆ ಏನು ತೊಂದರೆ? ಟೈರಿನ ಪಕ್ಕದಲ್ಲಿ ಉದ್ದುದ್ದ ಅಕ್ಷರಗಳ ಕೊನೆಗೆ ಮೊಟ್ಟೆಯಾಕಾರದ ಚೌಕಟ್ಟಿನಲ್ಲಿ ನಾಲ್ಕು ಅಂಕಿ ಇರುತ್ತೆ. ನಮ್ಮದರಲ್ಲಿ 2216 ಅಂತ ಇತ್ತು. ಅಂದರೆ 2016ನೇ ಇಸವಿಯ 22ನೇ ವಾರ ತಯಾರಾಗಿದ್ದು. ಎಂಟು ವರ್ಷದ ರಬ್ಬರು! ಉಗುರು ಒತ್ತಿದರೆ ಗುರುತೇ ಬೀಳುತ್ತಿರಲಿಲ್ಲ. ಟ್ರೆಡ್ಡಿನ ಸಂದಿಯಲ್ಲಿ ಬೇಸಿಗೆಯ ಗದ್ದೆ ಒಡೆದ ಹಾಗೆ ಸಣ್ಣ ಸಣ್ಣ ಬಿರುಕು. ಆಳ ನೋಡಿ ಸಮಾಧಾನ ಮಾಡಿಕೊಳ್ಳುವವರು ದಯವಿಟ್ಟು ಇವತ್ತೇ ಹೋಗಿ ಆ ನಾಲ್ಕು ಅಂಕಿ ನೋಡಿ. ಐದಾರು ವರ್ಷ ದಾಟಿದ್ದರೆ ಮಲೆನಾಡಿನ ಮಳೆಗಾಲಕ್ಕೆ ಅದನ್ನು ನಂಬಬೇಡಿ.

ಆ ವಾರ ಜರ್ಮನಿಯಿಂದ ಭಾವ ಫೋನ್ ಮಾಡಿದಾಗ ಎಲ್ಲ ಹೇಳಿದೆ. "ವಿಂಟರ್ ಟೈರ್ ಹಾಕ್ಸು ಮಾರಾಯ, ಇಲ್ಲಿ ಹಿಮದಲ್ಲೇ ನಿಲ್ಲುತ್ತೆ" ಅಂದರು. ಅಲ್ಲಿ ಅಕ್ಟೋಬರಿನಿಂದ ಈಸ್ಟರ್ ತನಕ ವಿಂಟರ್ ಟೈರು, ಆಮೇಲೆ ಬೇಸಿಗೆ ಟೈರು, ಹೀಗೆ ವರ್ಷಕ್ಕೆ ಎರಡು ಸಲ ಬದಲಾಯಿಸುತ್ತಾರಂತೆ. ಎರಡನೇ ಜೊತೆಯನ್ನು ರಿಮ್ ಸಮೇತ ಗೋಡೆಗೆ ನೇತು ಹಾಕಿಟ್ಟಿರುತ್ತಾರೆ, ವೀಡಿಯೊ ಕಾಲ್‌ನಲ್ಲಿ ತೋರಿಸಿದರು. ಹಿಮ, ಮಂಜುಗಡ್ಡೆ ಇರುವ ರಸ್ತೆಯಲ್ಲಿ ಇಂಥ ಟೈರ್ ಇಲ್ಲದೆ ಓಡಿಸಿದರೆ ದಂಡ. 2024ರ ಅಕ್ಟೋಬರಿನಿಂದ ಅಲ್ಲಿ ಟೈರಿನ ಪಕ್ಕದಲ್ಲಿ ಬೆಟ್ಟದ ಚಿತ್ರ, ಅದರೊಳಗೆ ಹಿಮದ ಹೂವಿನ ಗುರುತು ಇದ್ದರೆ ಮಾತ್ರ ವಿಂಟರ್ ಟೈರ್ ಅಂತ ಲೆಕ್ಕ. ಬರೀ ಎಂ ಪ್ಲಸ್ ಎಸ್ (ಕೆಸರು, ಹಿಮ) ಅಂತ ಬರೆದಿದ್ದರೆ ನಡೆಯಲ್ಲ, ಯಾಕೆಂದರೆ ಅದನ್ನು ಕಂಪನಿ ತಾನೇ ಬರೆದುಕೊಳ್ಳಬಹುದು. ಹಿಮದ ಹೂವಿನ ಗುರುತು ಸಿಗಬೇಕಾದರೆ ಹಿಮದ ಮೇಲೆ ಪರೀಕ್ಷೆ ಪಾಸಾಗಬೇಕು.

ಭಾವನ ಮಾತು ಸರಿ ಅನ್ನಿಸಿತು, ಆದರೆ ನಮ್ಮ ಊರಿಗೆ ಅಲ್ಲ. ವಿಂಟರ್ ಟೈರಿನ ರಬ್ಬರು 7 ಡಿಗ್ರಿಗಿಂತ ಕಡಿಮೆ ಚಳಿಯಲ್ಲೂ ಗಟ್ಟಿಯಾಗದ ಹಾಗೆ ಮೆತ್ತಗೆ ಮಾಡಿರುತ್ತಾರೆ. ನಮ್ಮಲ್ಲಿ ಮಳೆಗಾಲ ಅಂದರೆ 20ರಿಂದ 25 ಡಿಗ್ರಿ. ಆ ಬಿಸಿಗೆ ಅದು ಜಾಸ್ತಿ ಮೆತ್ತಗಾಗಿ ಬ್ರೇಕಿನ ದೂರ ಹೆಚ್ಚುತ್ತೆ, ಏಪ್ರಿಲಿನಲ್ಲಿ ಶಿವಮೊಗ್ಗದ 36 ಡಿಗ್ರಿಗೆ ಬೇಗ ಸವೆದೇ ಹೋಗುತ್ತೆ. ನಮಗೆ ಚಳಿಗಾಲದ ಟೈರು ಬೇಡ, ಮಳೆಗಾಲದ್ದು ಬೇಕು. ಆದರೆ ಆ ಟೈರಿನಲ್ಲಿ ಒಂದು ಒಳ್ಳೆ ವಿಷಯ ಇದೆ. ಅದರ ಟ್ರೆಡ್ಡಿನ ಪ್ರತಿ ಕಟ್ಟೆಯ, ಅಂದರೆ ಉಬ್ಬಿದ ರಬ್ಬರ್ ತುಂಡಿನ, ಮೇಲೂ ಬ್ಲೇಡಿನಲ್ಲಿ ಗೀರಿದ ಹಾಗೆ ಸಣ್ಣ ಸೀಳುಗಳು ಇರುತ್ತವೆ. ಟೈರು ನೆಲಕ್ಕೆ ಒತ್ತಿದಾಗ ಆ ಸೀಳು ಬಿಚ್ಚಿಕೊಂಡು ಅಂಚಿನಿಂದ ಹಿಡಿಯುತ್ತೆ. ನಾನು ಟೈರು ಹುಡುಕುವಾಗ ಮೊದಲು ನೋಡಿದ್ದು ಆ ಸೀಳುಗಳನ್ನೇ.

ಶಿವಮೊಗ್ಗಕ್ಕೆ ಹೋಗಿ ಮೊದಲು ಒಂದು ದೊಡ್ಡ ಅಂಗಡಿಯಲ್ಲಿ ಕೇಳಿದೆ. ಅಲ್ಲಿ ಟೈರಿನ ಮಾತಿಗಿಂತ ಮುಂಚೆ ಅಲಾಯ್ ರಿಮ್ ತೋರಿಸಿದರು. 18 ಇಂಚು ಹಾಕಿಸಿ ಸರ್, ಗಾಡಿ ಲುಕ್ಕೇ ಬೇರೆ ಆಗುತ್ತೆ ಅಂತ. ನನಗೆ ಬೇಜಾರಾಗಿದ್ದು ಇದಕ್ಕೆ: ಮನೆ ದಾರಿ ಹೇಗಿದೆ ಅಂತ ಒಬ್ಬರೂ ಕೇಳಲಿಲ್ಲ. ನಮ್ಮ ಕಾರಿನದು 215/65 ಆರ್ 16. ಅಂದರೆ ಅಗಲ 215 ಮಿ.ಮೀ., ಪಕ್ಕದ ಗೋಡೆ ಅದರ ಶೇಕಡಾ 65, ಸುಮಾರು 140 ಮಿ.ಮೀ. ರಬ್ಬರು. ಅವರು ಹೇಳಿದ 225/55 ಆರ್ 18 ಹಾಕಿದರೆ ಆ ಗೋಡೆ 124 ಮಿ.ಮೀ.ಗೆ ಇಳಿಯುತ್ತೆ. ನೀರು ತುಂಬಿದ ಹೊಂಡದ ಆಳ ಕಾಣಿಸುತ್ತಾ? ಇಲ್ಲ. ಚಕ್ರ ದಡ್ ಅಂತ ಅದರಲ್ಲಿ ಬಿದ್ದಾಗ ರಿಮ್ಮನ್ನು ಕಾಪಾಡುವುದು ಆ ಗೋಡೆಯೇ. 16 ಮಿ.ಮೀ. ಅಂದರೆ ಒಂದು ಬೆರಳಿನ ದಪ್ಪ, ಆ ಬೆರಳಿನ ದಪ್ಪದಲ್ಲೇ ರಿಮ್ ಉಳಿಯುವುದೋ ಬಗ್ಗುವುದೋ ತೀರ್ಮಾನ ಆಗುತ್ತೆ. ಬಗ್ಗಿದ ರಿಮ್ಮಿನಲ್ಲಿ ಟ್ಯೂಬ್‌ಲೆಸ್ ಟೈರಿನ ಗಾಳಿ ನಿಲ್ಲಲ್ಲ. ಕಬ್ಬಿಣದ ರಿಮ್ ಆದರೆ ಬಡಿದು ಸರಿ ಮಾಡಬಹುದು, ಅಲಾಯ್ ಬಿರುಕು ಬಿಟ್ಟರೆ ಮುಗಿಯಿತು. ಬೇರೆ ರಿಮ್ ಹಾಕುವುದೇ ಆದರೆ ಐದು ಬೋಲ್ಟ್ ಕೂರುವ ವೃತ್ತದ ಅಳತೆ 114.3 ಮಿ.ಮೀ. ಹೊಂದಿದರೆ ಸಾಲದು, ನಡುವಿನ ತೂತು 66.1 ಮಿ.ಮೀ. ಇರಬೇಕು, ದೊಡ್ಡದಿದ್ದರೆ ಆ ಸಂದಿ ತುಂಬುವ ಸರಿಯಾದ ರಿಂಗ್ ಹಾಕಿಸಬೇಕು. ಇಲ್ಲದಿದ್ದರೆ 80ರ ವೇಗದಲ್ಲಿ ಸ್ಟೇರಿಂಗ್ ನಡುಗಲು ಶುರು ಆಗುತ್ತೆ.

ನಾನು ರಿಮ್ ಮುಟ್ಟಲೇ ಇಲ್ಲ, ಕಂಪನಿ ಕೊಟ್ಟ 16 ಇಂಚನ್ನೇ ಇಟ್ಟುಕೊಂಡೆ. ಆ ದುಡ್ಡೆಲ್ಲ ರಬ್ಬರಿಗೆ ಹೋಗಲಿ ಅಂದುಕೊಂಡೆ. 215/70 ಹಾಕಿಸಿದರೆ ಕಾರು ಇನ್ನೂ ಒಂದು ಸೆಂಟಿಮೀಟರ್ ಮೇಲೇಳುತ್ತೆ ಅಂತ ಒಬ್ಬ ಸ್ನೇಹಿತ ಹೇಳಿದ, ಲೆಕ್ಕ ಸರಿಯೇ. ಆದರೆ ಆಗ ಮೀಟರ್ 80 ತೋರಿಸುವಾಗ ಕಾರು 82ರ ಮೇಲೆ ಹೋಗುತ್ತಿರುತ್ತೆ, ಜೊತೆಗೆ ಚಕ್ರದ ಗೂಡಿಗೆ ಕೆಸರು ಮೆತ್ತಿಕೊಂಡಾಗ ಉಜ್ಜುವ ಭಯ. ಬೇಡ ಅಂತ ಬಿಟ್ಟೆ.

ಇನ್ನು ಯಾವ ಜಾತಿ ಟೈರು ಅನ್ನುವುದು. ಎಚ್.ಟಿ. ಅಂದರೆ ಟಾರಿಗೆ, ಎಂ.ಟಿ. ಅಂದರೆ ಕೆಸರಿಗೆ, ಎ.ಟಿ. ಎರಡಕ್ಕೂ. ಎಂ.ಟಿ. ನೋಡಲು ಚೆನ್ನ, ಗದ್ದೆಯಲ್ಲಿ ಟಿಲ್ಲರ್ ತರ ಹೋಗುತ್ತೆ. ಆದರೆ ದೊಡ್ಡ ದೊಡ್ಡ ಕಟ್ಟೆ, ನಡುವೆ ಅಗಲ ಸಂದಿ, ಸೀಳು ಕಡಿಮೆ. ಹಾಗಾಗಿ ಒದ್ದೆ ಟಾರಿನ ಮೇಲೆ ನೆಲಕ್ಕೆ ತಾಗುವ ರಬ್ಬರೇ ಕಡಿಮೆ. ನಮ್ಮ ಓಡಾಟ ಹತ್ತರಲ್ಲಿ ಎಂಟು ಪಾಲು ಟಾರೇ: ಶಿವಮೊಗ್ಗ, ಸಾಗರ, ಅಮ್ಮನ ತಪಾಸಣೆಗೆ ಆಗುಂಬೆ ಇಳಿದು ಮಣಿಪಾಲ. ಮನೆಯವರನ್ನೆಲ್ಲ ಕೂರಿಸಿಕೊಂಡು ಹೋಗುವ ಕಾರಿಗೆ ಎಂ.ಟಿ. ಹಾಕಿಸಬೇಡಿ ಅಂತ ಖಡಾಖಂಡಿತವಾಗಿ ಹೇಳುತ್ತೇನೆ.

ಕೊನೆಗೆ ತಗೊಂಡಿದ್ದು ಯೋಕೊಹಾಮಾ ಜಿಯೋಲ್ಯಾಂಡರ್ ಎ.ಟಿ. ಜಿ015. ಅದೇ 215/65 ಆರ್ 16, 98 ಎಚ್. 98 ಅಂದರೆ ಒಂದು ಟೈರು 750 ಕಿಲೋ ಹೊರುತ್ತೆ, ಎಚ್ ಅಂದರೆ 210 ಕಿ.ಮೀ. ವೇಗದ ತನಕ. ಚಿಕ್ಕ ಚಿಕ್ಕ ಕಟ್ಟೆ, ಮೈತುಂಬ ಸೀಳು. ಬಂದ ಟೈರನ್ನು ತಿರುಗಿಸಿ ನೋಡಿದರೆ ಪಕ್ಕದಲ್ಲಿ ಭಾವ ಹೇಳಿದ್ದ ಅದೇ ಗುರುತು, ಬೆಟ್ಟದೊಳಗೆ ಹಿಮದ ಹೂವು! ಫೋಟೋ ತೆಗೆದು ಕಳಿಸಿದೆ, ಅವರಿಗೆ ಖುಷಿಯೋ ಖುಷಿ. ನಮ್ಮ ಘಟ್ಟಕ್ಕೆ ಹಿಮ ಬೀಳಲ್ಲ, ಆದರೆ ಆ ಗುರುತು ಸಿಗಲು ಕಾರಣವಾದ ಸೀಳುಗಳು ಇಲ್ಲೂ ಕೆಲಸಕ್ಕೆ ಬರುತ್ತವೆ.

ಸ್ಟೆಪ್ನಿ ಸೇರಿಸಿ ಐದೂ ಹೊಸದು ಹಾಕಿಸಿದೆ, ಫಿಟ್ಟಿಂಗ್ ಎಲ್ಲ ಸೇರಿ 50 ಸಾವಿರದ ಆಸುಪಾಸು ಆಯಿತು. ಎರಡು ಹೊಸದು ಹಾಕಿ, ಎರಡು ಹಳೇದು ಹಾಗೇ ಇರಲಿ ಅನ್ನುವವರು ಇದ್ದಾರೆ. ಫೋರ್ ವೀಲ್ ಕಾರಿಗೆ ಅದು ಆಗಲ್ಲ. ಸವೆದ ಟೈರಿನ ಸುತ್ತಳತೆ ಕಡಿಮೆ, ಅದು ಜಾಸ್ತಿ ಸುತ್ತು ತಿರುಗಬೇಕು. ಮುಂದಿನ ಚಕ್ರ ಹಿಂದಿನ ಚಕ್ರದ ನಡುವೆ ಇರುವ ಕಪ್ಲಿಂಗ್‌ಗೆ ಇವೆರಡರ ಜಗಳ ಬಿಡಿಸುವುದೇ ಕೆಲಸ ಆಗಿ ಬಿಸಿಯಾಗುತ್ತೆ. ಅದಕ್ಕೇ ಐದನ್ನೂ ಸುತ್ತು ಹಾಕಿ ಬದಲಾಯಿಸುತ್ತಾ ಬಂದಿದ್ದೇನೆ, ಎಂಟು ಹತ್ತು ಸಾವಿರ ಕಿ.ಮೀ.ಗೆ ಒಂದು ಸಲ.

ಹಾಕಿಸಿದ್ದು ಆ ದೊಡ್ಡ ಅಂಗಡಿಯಲ್ಲಿ ಅಲ್ಲ, ಇನ್ನೊಂದು ಚಿಕ್ಕ ಅಂಗಡಿಯಲ್ಲಿ. ಅಲ್ಲಿನವರು ಕೆಲಸ ಮಾಡಿದ ರೀತಿ ನೋಡಿ ಮನಸ್ಸು ತುಂಬಿತು. ಟೈರು ರಿಮ್ಮಿಗೆ ಏರಿಸುವ ಮುಂಚೆ ರಿಮ್ಮಿನ ಅಂಚಿನಲ್ಲಿ ಕೂತಿದ್ದ ತುಕ್ಕನ್ನು ಬ್ರಷ್ ಹಾಕಿ ಉಜ್ಜಿದರು. ಐದಕ್ಕೂ ಹೊಸ ವಾಲ್ವ್ ಹಾಕಿದರು. ನಟ್ಟನ್ನು ಗನ್ನಿನಲ್ಲಿ ಪೂರ್ತಿ ಬಿಗಿ ಮಾಡದೆ ಕೊನೆಗೆ ಕೈಯಲ್ಲಿ, ಎದುರು ಬದುರು ಲೆಕ್ಕದಲ್ಲಿ ಬಿಗಿದರು. 100 ಕಿ.ಮೀ. ಆದ ಮೇಲೆ ಬನ್ನಿ, ಮತ್ತೊಮ್ಮೆ ನೋಡಿ ಕೊಡ್ತೀನಿ ಅಂದರು, ಹೋದಾಗ ದುಡ್ಡು ತಗೊಳ್ಳಲಿಲ್ಲ. ನೈಟ್ರೋಜನ್ ಬೇಕಾ ಅಂತ ಕೇಳಿದೆ. ಸುಮ್ನೆ ಯಾಕೆ ಸರ್, ಗಾಳಿಯಲ್ಲೇ 78 ಪರ್ಸೆಂಟ್ ನೈಟ್ರೋಜನ್ ಇದೆ, ತಿಂಗಳಿಗೊಮ್ಮೆ ಗಾಳಿ ನೋಡಿಸಿ ಸಾಕು ಅಂದರು. ಇಂಥವರ ಹತ್ತಿರ ಇನ್ನೂ ಹತ್ತು ಸಲ ಹೋಗಬಹುದು.

ಪುಷ್ಯ ಮಳೆಗೆ ಮೊದಲ ಪರೀಕ್ಷೆ ಆಯಿತು. ಅದೇ ಇಳಿಜಾರು, ಅದೇ ಮೊದಲನೇ ಗೇರು. ಈ ಸಲ ಬೇಕಂತಲೇ ಒಬ್ಬನೇ ಇಳಿದೆ. ನಡುವೆ ಬ್ರೇಕ್ ಒತ್ತಿದೆ. ಒಂದೆರಡು ಅಡಿ ಜಾರಿತು, ಆಮೇಲೆ ಮೇಲಿನ ಜಾರು ಮಣ್ಣನ್ನು ಕೆರೆದುಕೊಂಡು ಕೆಳಗಿನ ಗಟ್ಟಿ ನೆಲ ಸಿಕ್ಕಿ ಕಚ್ಚಿ ನಿಂತಿತು. ಇಳಿದು ನೋಡಿದರೆ ಕೆಂಪು ಮಣ್ಣಿನಲ್ಲಿ ಟೈರಿನ ಅಚ್ಚು ಒತ್ತಿದ ಹಾಗೆ ಸ್ಪಷ್ಟವಾಗಿ ಬಿದ್ದಿತ್ತು. ಹಳೇ ಟೈರು ಬಿಟ್ಟು ಹೋಗುತ್ತಿದ್ದುದು ಬರೀ ನುಣುಪು ಪಟ್ಟಿ. ಆ ಅಚ್ಚು ನೋಡಿದ ಮೇಲೆ ನನಗೆ ಧೈರ್ಯ ಬಂತು, ಮಾರನೇ ದಿನ ಅಮ್ಮನನ್ನು ಕೂರಿಸಿಕೊಂಡು ಇಳಿದೆ.

ಆಗುಂಬೆ ಘಾಟಿಯ 14 ತಿರುವುಗಳಲ್ಲಿ, ವರ್ಷಕ್ಕೆ 7 ಸಾವಿರ ಮಿ.ಮೀ. ದಾಟಿ ಮಳೆ ಸುರಿಯುವ ಜಾಗದಲ್ಲಿ, ಮಂಜು ಮುಚ್ಚಿದಾಗಲೂ ಬ್ರೇಕ್ ಮೇಲೆ ನಂಬಿಕೆ ಇತ್ತು. ಹುಲಿಕಲ್ ಘಾಟಿಯಲ್ಲೂ ಅಷ್ಟೇ. ಗಾಜನೂರಿನ ಹತ್ತಿರ ರಸ್ತೆ ಮೇಲೆ ನೀರು ನಿಂತ ಕಡೆ ಮೊದಲು ಸ್ಟೇರಿಂಗ್ ಒಂದು ಕ್ಷಣ ಹಗುರ ಆಗುತ್ತಿತ್ತು. ನೀರನ್ನು ಪಕ್ಕಕ್ಕೆ ತಳ್ಳಲು ಟೈರಿಗೆ ಪುರುಸೊತ್ತು ಸಿಗದೆ ಅದರ ಮೇಲೇ ತೇಲುವುದು ಅದು. ಈಗ ಆ ಅನುಭವ ಆಗಿಲ್ಲ, ಆದರೂ ಅಲ್ಲಿ 60ರ ಮೇಲೆ ನಾನು ಹೋಗಲ್ಲ.

ಒಂದು ಕಡೆ ಮಾತ್ರ ಯಾವ ಟೈರೂ ಪವಾಡ ಮಾಡಲ್ಲ, ಅದು ಹಾವಸೆ ಕಟ್ಟಿದ ಸಿಮೆಂಟ್ ರಸ್ತೆ. ಮರದ ನೆರಳಲ್ಲಿ, ಬಿಸಿಲೇ ಬೀಳದ ಊರೊಳಗಿನ ಕಾಂಕ್ರೀಟ್ ಏರು ಆಷಾಢದ ಹೊತ್ತಿಗೆ ಹಸಿರು ಎಣ್ಣೆ ಸವರಿದ ಹಾಗೆ ಆಗಿರುತ್ತೆ. ಅಲ್ಲಿ ಟೈರು ಕಚ್ಚಲು ಏನೂ ಇಲ್ಲ. ನಮ್ಮ ಕೇರಿಯಲ್ಲಿ ನಾಲ್ಕು ಮನೆಯವರು ಸೇರಿ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿದ ಮೇಲೇ ಸರಿ ಹೋಗಿದ್ದು.

ಎ.ಟಿ. ಟೈರು ಅಂದ ಮೇಲೆ ಟಾರಿನ ಮೇಲೆ ಒಂದು ಗುಂಯ್ ಶಬ್ದ ಇರುತ್ತೆ, ಡೀಸೆಲ್ ಲೀಟರಿಗೆ ಒಂದು ಕಿ.ಮೀ. ಹತ್ತಿರ ಕಡಿಮೆ ಕೊಡುತ್ತೆ. ಯಾವ ಕಂಪನಿ ಎ.ಟಿ. ಹಾಕಿದರೂ ಇದು ಇದ್ದದ್ದೇ. ಬೆಂಗಳೂರು ಶಿವಮೊಗ್ಗ ಹೈವೇಯಲ್ಲೇ ಓಡಾಡುವವರಿಗೆ, ಮನೆ ಬಾಗಿಲ ತನಕ ಟಾರು ಇರುವವರಿಗೆ ಒಳ್ಳೆ ಎಚ್.ಟಿ. ಸಾಕು. ಸುಮ್ನೆ ದುಡ್ಡು ಹಾಕಬೇಡಿ.

ಮೊನ್ನೆ ಅಳೆದಾಗ ಟ್ರೆಡ್ ಇನ್ನೂ 7 ಮಿ.ಮೀ. ಇತ್ತು. ನಾನಂತೂ 3 ಮಿ.ಮೀ.ಗೆ ಬಂದರೆ 1.6ರ ತನಕ ಕಾಯಲ್ಲ, ಬದಲಾಯಿಸುತ್ತೇನೆ. ಅದಕ್ಕಿಂತ ಕೆಳಗೆ ನೀರು ಹೊರಹಾಕುವ ಶಕ್ತಿ ಬೇಗ ಬೇಗ ಬಿದ್ದುಹೋಗುತ್ತೆ. ಹೊಸದು ತಗೊಳ್ಳುವವರು ಮೃಗಶಿರಾ ಹಿಡಿಯುವ ಮುಂಚೆಯೇ, ಮೇ ತಿಂಗಳಲ್ಲೇ ಹೇಳಿಡಿ. ಎ.ಟಿ. ಟೈರು ನಮ್ಮ ಕಡೆ ಅಂಗಡಿಗಳಲ್ಲಿ ರೆಡಿ ಇರುವುದು ಕಡಿಮೆ, ತರಿಸಿ ಕೊಡಲು ನನಗೆ ಒಂಬತ್ತು ದಿನ ಹಿಡಿಯಿತು. ಬಂದಾಗ ಐದರ ಮೇಲೂ ತಯಾರಾದ ವಾರ ನೋಡಿ. ಅಚ್ಚಿನಿಂದ ಬಿಡಿಸಲು ಹಚ್ಚಿದ ಜಾರು ಪದಾರ್ಥ ಹೊಸ ಟೈರಿನ ಮೇಲೆ ಉಳಿದಿರುತ್ತೆ, ಅದು ಸವೆಯಲು ಇನ್ನೂರು ಮುನ್ನೂರು ಕಿ.ಮೀ. ಬೇಕು. ಅಷ್ಟನ್ನು ಒಣ ರಸ್ತೆಯಲ್ಲೇ ಓಡಿಸಿಬಿಡಿ, ಆಮೇಲೆ ಘಟ್ಟ ಇಳಿಯಿರಿ.